ದೆಹಲಿಯಿಂದ ಎರಡೂ ಮುಕ್ಕಾಲು ಗಂಟೆ

ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ಮರುವರ್ಷ ನನ್ನ ಮೊಮ್ಮಗಳು ಮೊದಲ ಸಲ ಶಿಡ್ಲಘಟ್ಟದ ಹತ್ತಿರದ ನಮ್ಮ ಊರಿಗೆ ಬಂದಳು. ಮಗಳ ಮೊದಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಡಾಕ್ಟರು ಪ್ರಯಾಣ ಬೇಡವೆಂದಿದ್ದರಿಂದ ದೆಹಲಿಯಲ್ಲೇ ಆಯಿತು. ಬಾಣಂತನ ಬೀಗಿತ್ತಿಯ ಪಾಲಾಯಿತು. ಐದು ತಿಂಗಳಾದರೂ ನಾನಿನ್ನೂ ಕೂಸನ್ನು ಮುಟ್ಟಿರಲಿಲ್ಲ.

ಬರುವ ದಿನವೇ ಹುಳು ಹಣ್ಣಾಗಬೇಕೇ! ಹಣ್ಣಾದ ರೇಷ್ಮೆಹುಳು ಸೊಪ್ಪು ಬಿಟ್ಟು ತಲೆ ಎತ್ತುತ್ತದೆ. ಕೂಡಲೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ, ಇಲ್ಲದಿದ್ದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು.

ಮಗಳ ಫೋನು ಬಂತು. "ಅಮ್ಮ, ವಿಮಾನ ಹತ್ತಿ ಕೂತಿದೀವಿ. ಎರಡೂ ಮುಕ್ಕಾಲು ಗಂಟೆ ಅಷ್ಟೇ."

"ದೂರ ಎಷ್ಟಮ್ಮ?"

"ಸಾವಿರದ ಏಳುನೂರು ಕಿಲೋಮೀಟರ್ ಅಂತೆ."

ಅವಳ ಮನೆ ಹೂಡಿಕೊಡಲು ನಾವು ರೈಲಿನಲ್ಲಿ ಹೋದಾಗ ಎರಡು ರಾತ್ರಿ ಕೂತು ಕಾಲು ಊದಿಕೊಂಡಿತ್ತು. ಈಗ ನೋಡಿದರೆ ಚಿಂತಾಮಣಿ ಸಂತೆಗೆ ಹೋಗಿ ಬರುವಷ್ಟು ಹೊತ್ತು!

ನಮ್ಮ ಯಜಮಾನರು ಎರಡು ಸಲ ತಲೆ ಬಾಚಿಕೊಂಡರು. "ನಾನು ಕರ್ಕೊಂಡು ಬರ್ತೀನಿ. ಹುಳ ಆರ್ಸೋದ್ರಲ್ಲಿ ನಿನ್ ಕೈ ಚುರುಕು."

"ಹುಳಕ್ಕೆ ನನ್ ಕೈ, ಕೂಸಿಗೆ ನಿಮ್ ಕೈ. ಚೆನ್ನಾಗೈತೆ ನ್ಯಾಯ!"

ನಗುತ್ತಾ ಕಾರು ಹತ್ತಿದರು.

ಎರಡೂ ಮುಕ್ಕಾಲು ಗಂಟೆಗೆ ಕೂಸು ನಮ್ಮ ಬಾಗಿಲಿಗೇ ಬಂದಿರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಅಷ್ಟರೊಳಗೆ ಮುಗಿಸಬೇಕೆಂದು ಆರಿಸುವುದು, ಅಂಗಳಕ್ಕೆ ಓಡುವುದು, ಮತ್ತೆ ಬಂದು ಆರಿಸುವುದು.

ಕೈಜೋಡಿಸಲು ಬಂದಿದ್ದ ಪಕ್ಕದ ಮನೆಯವಳು, "ಅಕ್ಕಾ, ಹಿಂಗೇ ಓಡಾಡ್ತಿದ್ರೆ ಹುಳ ನಿನ್ ಸೀರೇಲೇ ಗೂಡು ಕಟ್ತಾವೆ," ಎಂದಳು.

ಮೇಲೆ ವಿಮಾನದ ಸದ್ದಾಯಿತು. "ಅದೇ ಇರ್ಬೇಕು!" ಎಂದೆ.

"ಅದು ಹೋಗ್ತಿರೋದು ಕಣಕ್ಕಾ, ಬರ್ತಿರೋದಲ್ಲ."

ಹೇಳಿದ ಹೊತ್ತು ಕಳೆಯಿತು. ಯಾರೂ ಬರಲಿಲ್ಲ. ಮಗಳ ಫೋನು ಆಫ್. ಕೈಯಲ್ಲಿದ್ದ ಹುಳುವಿನ ಸಮೇತ ಮತ್ತೆ ಅಂಗಳಕ್ಕೆ ಓಡಿದೆ. ಆಗ ಡ್ರೈವರ್ ಫೋನಿನಿಂದ ಯಜಮಾನರು ಮಾತಾಡಿದರು. "ಇಳಿದವ್ರೆ ಕಣೇ. ಪೆಟ್ಟಿಗೆಗೆ ಕಾಯ್ಕೊಂಡು ನಿಂತವ್ರೆ."

"ಜೊತೇಲೇ ಬಂದಿರೋ ಪೆಟ್ಟಿಗೆಗೆ ಕಾಯೋದೇನು? ಕೂಸು?"

"ಗಾಜಿನಾಚೆ ಐತೆ. ನನ್ನೇ ನೋಡ್ತೈತೆ."

ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಇಳಿದ ಮೇಲೂ ಒಂದು ಗಂಟೆ ರಸ್ತೆ. ಕಾರು ಬಂದಾಗ ಇನ್ನೂ ಎರಡು ತಟ್ಟೆ ಹುಳು ಉಳಿದಿತ್ತು. ಬಾಗಿಲಲ್ಲಿ ಆರತಿಯಾಯಿತು. ಕೈ ಚಾಚಿದೆ. ಪಕ್ಕದ ಮನೆಯವಳು ಸೆರಗು ಹಿಡಿದು ಎಳೆದಳು.

"ಪೌಡರ್ ಘಮ್ಮಂತೈತೆ. ಎತ್ಕೊಂಡ್ರೆ ಸ್ನಾನ ಮಾಡೋಗಂಟ ಹುಳದ ಮನೇಗೆ ಬರಂಗಿಲ್ಲ ನೋಡು."

ನಿಜವೇ. ಹುಳುವಿಗೆ ವಾಸನೆ ಆಗದು. ನಾವು ಹೂ ಮುಡಿದು ಸಹ ಒಳಗೆ ಹೋಗುವುದಿಲ್ಲ. ಒಮ್ಮೆ ಒಳಗಿನ ತಟ್ಟೆಗಳ ಕಡೆ ನೋಡಿದೆ. ಆಮೇಲೆ ಎತ್ತಿಕೊಂಡೇಬಿಟ್ಟೆ. ಕೂಸು ನನ್ನ ಕತ್ತಿನಲ್ಲಿ ಮುಖ ಹುದುಗಿಸಿ ಜೊಲ್ಲು ಸುರಿಸಿತು. ಅದಕ್ಕಿಂತ ಬೇರೆ ಏನು ಬೇಕಿತ್ತು ನನಗೆ!

"ನೀವ್ ಹೋಗಿ ಹುಳ ಆರ್ಸಿ," ಎಂದೆ ಯಜಮಾನರಿಗೆ.

"ನಾನೂ ದಾರಿಯುದ್ದಕ್ಕೂ ಎತ್ಕೊಂಡಿದ್ನಲ್ಲೇ!"

"ಹಂಗಾದ್ರೆ ಬೇಗ ಸ್ನಾನ ಮಾಡಿ."

ಅವರು ಗೊಣಗುತ್ತಾ ಬಚ್ಚಲಿಗೆ ಹೋದರು. ನಾನು ಮಾತ್ರ ಆ ದಿನ ಸ್ನಾನದ ಮಾತೇ ಎತ್ತಲಿಲ್ಲ.