ಸೊನ್ನೆ ಒಪ್ಪದ ಅರ್ಜಿ

ನಗರದ ನೀರು ಸರಬರಾಜು ಕಚೇರಿಯಲ್ಲಿ ಅವರನ್ನು ಎಲ್ಲರೂ ಮೂಲೆ ಸಾರ್ ಎಂದೇ ಕರೆಯುತ್ತಿದ್ದರು. ಕೆಲಸ ಕಂಪ್ಯೂಟರಿನದು, ಕೂರುವ ಜಾಗ ಕಪಾಟುಗಳ ಹಿಂದಿನ ಮೂಲೆ. ಮದುವೆಯ ಗೋಜಿಗೆ ಹೋದವರಲ್ಲ. ಮನೆ ನಡೆಸುತ್ತಿದ್ದ ಅಕ್ಕ ತೀರಿಕೊಂಡ ಮೇಲೆ, ಶನಿವಾರ ಸಂಜೆ ಮುಚ್ಚಿದ ಬಾಯಿ ಸೋಮವಾರ ಕಚೇರಿಯಲ್ಲೇ ತೆರೆಯುತ್ತಿತ್ತು.

ನಲ್ಲಿ ಸಂಪರ್ಕದ ಅರ್ಜಿಯನ್ನು ವೆಬ್‌ಸೈಟಿಗೆ ತಂದವರು ಅವರೇ. ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ಕಡ್ಡಾಯವಾಗಿ ತುಂಬಬೇಕಾದ ಜಾಗ ಖಾಲಿ ಉಳಿದರೆ ‘ದಯವಿಟ್ಟು ಇದನ್ನು ತುಂಬಿ’ ಎಂದು ಕೆಂಪಕ್ಷರ ಮೂಡುತ್ತಿತ್ತು.

ಒಂದು ಮಧ್ಯಾಹ್ನ ಗುಮಾಸ್ತೆ ಫೋನನ್ನು ಅವರತ್ತ ಚಾಚಿದಳು. “ಸಾರ್, ಈ ಅಜ್ಜಿ ನನ್ ತಲೆ ತಿಂತಿದಾರೆ. ನೀವೇ ಮಾತಾಡಿ.”

ಆ ಕಡೆ ಇದ್ದವರು ಆಸ್ಪತ್ರೆಯಿಂದ ನಿವೃತ್ತರಾದ ದಾದಿ. “ಅಲ್ಲಪ್ಪಾ, ನಿಮ್ಮ ಅರ್ಜಿ, ನಿಮ್ಮನ್ನ ಬಿಟ್ಟು ಮನೇಲಿ ಎಷ್ಟು ಜನ ಅಂತ ಕೇಳುತ್ತೆ. ಸೊನ್ನೆ ಒತ್ತಿದ್ರೆ ತುಂಬಿಲ್ಲ ಅನ್ನುತ್ತೆ. ಬೇಜಾರಾಗಿ ಒಂದು ಅಂತ ಹಾಕ್ದೆ. ಈಗ ನಿಮ್ಮೋರು ಮನೆ ನೋಡೋಕೆ ಬಂದು, ಇನ್ನೊಬ್ರು ಎಲ್ಲಿ ಅಂತಾರೆ. ಎಲ್ಲಿಂದ ತರ್ಲಿ?”

“ಏನಂದ್ರಿ ಅವ್ರಿಗೆ?”

“ಹೊರಗೆ ಹೋಗಿದಾರೆ, ಬರ್ತಾರೆ ಅಂದೆ.”

ಮೂಲೆ ಸಾರ್ ಪ್ರೋಗ್ರಾಂ ತೆರೆದರು. ಜಾಗ ಖಾಲಿ ಇದೆಯೇ ಎಂದು ನೋಡಲು ಅವರು ‘ಎಂಪ್ಟಿ’ ಎಂಬ ಆದೇಶ ಬಳಸಿದ್ದರು. ಅದಕ್ಕೆ ಏನೂ ಬರೆಯದಿರುವುದೂ ಒಂದೇ, ಸೊನ್ನೆ ಬರೆಯುವುದೂ ಒಂದೇ. ಪರೀಕ್ಷೆ ಮಾಡುವಾಗ ಮೂರು, ನಾಲ್ಕು, ಆರು ಎಂದೆಲ್ಲ ಹಾಕಿ ನೋಡಿದ್ದರು. ತಮ್ಮ ಮನೆಯ ಲೆಕ್ಕ ಹಾಕಿ ನೋಡುವುದು ಮಾತ್ರ ಹೊಳೆದಿರಲಿಲ್ಲ.

ಆ ಆದೇಶ ತೆಗೆದು, ಒಂದಕ್ಷರವಾದರೂ ಬಂದಿದೆಯೇ ಎಂದಷ್ಟೇ ನೋಡುವಂತೆ ತಿದ್ದಿದರು. ತಿರಸ್ಕೃತವಾದ ಪ್ರಯತ್ನಗಳೂ ಉಳಿದಿದ್ದ ಹಳೆಯ ದಾಖಲೆ ತೆರೆದು ನೋಡಿದರೆ, ಸೊನ್ನೆ ಹಾಕಿ, ಕೆಂಪಕ್ಷರ ಕಂಡು, ಒಂದು ಎಂದು ಬದಲಿಸಿದವರು ಬೀದಿಗೊಬ್ಬರಂತೆ ಊರ ತುಂಬ ಇದ್ದರು.

ಸಂಜೆ ಅಜ್ಜಿಗೆ ಫೋನ್ ಮಾಡಿದರು. “ಈಗ ಸೊನ್ನೆ ಹಾಕಿ ನೋಡಿ ಅಮ್ಮಾ.”

“ತಗೊಳ್ತಪ್ಪಾ.” ಅಜ್ಜಿ ನಕ್ಕರು. “ಒಂದು ಅಂತ ಹಾಕಿದ್ನಲ್ಲ, ಅವತ್ತು ಎರಡು ಲೋಟ ತೊಳೆದಿಟ್ಟೆ ನೋಡು. ಹುಚ್ಚು!”

“ಕಾಫಿ ಆಯ್ತಾ ಅಮ್ಮಾ?” ಎಂದರು.

“ಯಾವಾಗ್ಲೋ ಆಯ್ತು. ನೀನಿನ್ನೂ ಆಫೀಸಲ್ಲೇ ಇದೀಯಾ? ಹೋಗಪ್ಪಾ, ಮನೇಲಿ ಕಾಯ್ತಿರ್ತಾರೆ.”

“ಹೂಂ ಅಮ್ಮಾ, ಕಾಯ್ತಿರ್ತಾರೆ” ಎಂದು ಮೂಲೆ ಸಾರ್ ಫೋನಿಟ್ಟರು. ಕಾವಲುಗಾರ ಬಂದು ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರೂ ಅವರು ಏಳಲಿಲ್ಲ.