ಆದಿಲಕ್ಷ್ಮಮ್ಮನ ಕೊಸರು

ತೂಕದ ಮಾತು ಬಂದರೆ ಬೂದಿಕೋಟೆಯ ಆದಿಲಕ್ಷ್ಮಮ್ಮನನ್ನು ಮೀರಿಸುವವರು ಬಂಗಾರಪೇಟೆ ತಾಲ್ಲೂಕಿನಲ್ಲೇ ಇಲ್ಲ. ಆಕೆ ಅಳೆದದ್ದು ಗುಲಗಂಜಿಯಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ. ಪಕ್ಕದ ಮೈಸೂರು ಮೈನ್ಸ್ ಗಣಿಯಲ್ಲಿ ಚಿನ್ನ ತೂಗುತ್ತಿದ್ದ ತಕ್ಕಡಿಗಳು ಸಂಜೆ ಆಕೆಯ ಮನೆಗೆ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದವು ಎಂದರೂ ನಾನು ನಂಬುತ್ತೇನೆ.

ನಲವತ್ತು ವರ್ಷ ರಾಗಿ, ಹುರುಳಿ ಅಳೆದು ಮಾರಿದ ಆ ಕೈಗೆ ಹೋದ ಮಾಘದಲ್ಲಿ ಮರಳು ತುಂಬುವ ಕೂಲಿ ಸಿಕ್ಕಿತು. ಊರಾಚೆಯ ಬಯಲಿನಲ್ಲಿ ವಿಜಯಕುಮಾರ್ ಎಂಬ ಇಂಜಿನಿಯರು ತಾನೇ ಕಟ್ಟಿದ ಹಾರುವ ಗಾಡಿಯನ್ನು ಪರೀಕ್ಷಿಸುತ್ತಿದ್ದ. ಮೂರು ಚಕ್ರ, ಬೆನ್ನಿಗೆ ಫ್ಯಾನು, ನೆತ್ತಿಯ ಮೇಲೆ ಮದುವೆ ಶಾಮಿಯಾನದಷ್ಟು ಅಗಲದ ಪ್ಯಾರಾಚೂಟು. ಪಕ್ಕದ ಸೀಟಿನಲ್ಲಿ ಮನುಷ್ಯನ ಬದಲು ಹತ್ತತ್ತು ಕಿಲೋದ ಎಂಟು ಮರಳಿನ ಚೀಲ ಕೂರಿಸಿಕೊಂಡು ಅದು ನಿಮಿಷಕ್ಕೆ ಮುನ್ನೂರು ಅಡಿ ಏರಬೇಕು. ಮೂರು ದಿನದೊಳಗೆ ಏರದಿದ್ದರೆ ಕೊಳ್ಳಲು ಒಪ್ಪಿದವರು ಕೈಬಿಡುತ್ತಾರೆ; ಅವನ ನಾಲ್ಕು ವರ್ಷದ ದುಡಿಮೆ ಗುಜರಿಗೆ.

ಮೊದಲ ದಿನ ಇನ್ನೂರ ಅರವತ್ತು ಅಡಿ. ವಿಜಯಕುಮಾರನಿಗೆ ತಲೆಬುಡ ತಿಳಿಯಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್ ಆರುಮುಗಂ ಪ್ಲಗ್ ಬದಲಿಸಿದ, ಫ್ಯಾನಿನ ರೆಕ್ಕೆ ತಿರುವಿದ, ಕೊನೆಗೆ ಗಾಳಿಯನ್ನು ಬೈದ. ಚೀಲ ಸರಿಯಾಗಿ ತೂಗಮ್ಮ, ನನ್ನ ಬದುಕೇ ಇದರಲ್ಲಿದೆ ಎಂದು ವಿಜಯಕುಮಾರ್ ಆದಿಲಕ್ಷ್ಮಮ್ಮನಿಗೆ ಕೈಮುಗಿದ. ಆಕೆಗೆ ಅಯ್ಯೋ ಅನ್ನಿಸಿತು. ಎರಡನೆಯ ದಿನ ಎಲ್ಲ ಚೀಲಗಳನ್ನೂ ಹೊಸದಾಗಿ ತುಂಬಿದಳು. ಗಾಡಿ ಇನ್ನೂರ ಇಪ್ಪತ್ತಕ್ಕೇ ಉಸ್ಸೆಂದಿತು. ವಿಜಯಕುಮಾರನ ಲೆಕ್ಕದ ಪುಸ್ತಕ ಹೇಳುವುದೊಂದು, ಆಕಾಶ ಹೇಳುವುದೊಂದು. ನೂರು ವರ್ಷ ಗಣಿಯೊಳಗೆ ಬರೀ ಕೆಳಕ್ಕೇ ಇಳಿದ ಸೀಮೆ ಇದು, ಮೇಲೇರುವ ಅಭ್ಯಾಸ ಇಲ್ಲಿಯ ಗಾಳಿಗೂ ಇಲ್ಲ ಎಂದು ಆರುಮುಗಂ ತೀರ್ಪು ಕೊಟ್ಟ.

ಮೂರನೆಯ ಬೆಳಿಗ್ಗೆ ಆರುಮುಗಂ ಟೀ ಲೋಟ ಹಿಡಿದು ತಕ್ಕಡಿಯ ಪಕ್ಕವೇ ಕೂತ. ಮುಳ್ಳು ಹತ್ತಕ್ಕೆ ನಿಂತಿತು. ವಿಜಯಕುಮಾರ್ ಬರೆದುಕೊಂಡು ಅತ್ತ ಹೋದ. ಚೀಲ ಇಳಿಸಿ ಬಾಯಿ ಕಟ್ಟುವ ಮುನ್ನ ಆದಿಲಕ್ಷ್ಮಮ್ಮ ಎರಡು ಬೊಗಸೆ ಮರಳನ್ನು ಒಳಕ್ಕೆ ಸುರಿದಳು.

"ಅಕ್ಕಾ, ಅದೇನದು?"

"ಕೊಸರು ಕಣಪ್ಪ. ಅಳೆದ್ಮೇಲೆ ಕೊಸರಾಕ್ದೆ ಕೊಟ್ರೆ ಕೈಗೆ ಒಳ್ಳೇದಾ? ಆ ಮಗ ಪಾಪ ಅಂಗೆ ಕೈ ಮುಗುದ್ನಲ್ಲಾ ಅಂತ ನಿನ್ನೆ ಇನ್ನೊಂದು ಬೊಗಸೆ ಜಾಸ್ತೀನೇ ಆಕಿದ್ದೆ."

ಎಂಟೂ ಚೀಲದ ಕೊಸರು ಚೆಲ್ಲಿಸಿ ಹಾರಿಸಿದರು. ಮುನ್ನೂರ ಐದು ಅಡಿ. ಇಳಿದು ಬಂದ ವಿಜಯಕುಮಾರ್ ನಗಬೇಕೋ ಅಳಬೇಕೋ ತಿಳಿಯದೆ, ಇನ್ನು ಮೇಲೆ ಒಂದು ಚಿಟಿಕೆಯೂ ಹೆಚ್ಚಿಗೆ ಹಾಕಬೇಡಮ್ಮ ಎಂದು ಬೇಡಿಕೊಂಡ.

ಆಕೆ ಸೆರಗಿನ ಮರಳು ಕೊಡವಿದಳು.

"ಆಗ್ಲಿ ಸಾಮಿ. ನಾಳೆ ಆ ಸೀಟಲ್ಲಿ ಮನುಸ ಕೂತ್ಕಂತಾನಲ್ಲ, ಅವನ್ಗೂ ಏಳ್ಬುಡು, ಮುದ್ದೆ ಉಣ್ಣದೆ ಬಾ ಅಂತ."