ಶಿಕಾರಿಪುರದ ಕೊನೆಯ ಚೆಂಡು

ನಮ್ಮ ಶಿಕಾರಿಪುರದ ಫುಟ್‌ಬಾಲ್ ಕ್ಲಬ್ಬು ಸೋಲುವುದರಲ್ಲಿ ಎಷ್ಟು ಪಳಗಿತ್ತೆಂದರೆ, ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತ ದಿನವೂ ನಾವು ಒಂದು ಗೋಲಿನಿಂದ ಸೋತಿದ್ದೆವು. ನಂಬದವರು ನಂಬುವುದು ಬೇಡ. ಕಾದು ಕಾದು ಬೇಸರವಾಗಿ ನಮ್ಮ ಬ್ಯಾಕ್ ಆಟಗಾರನೊಬ್ಬ ಒದ್ದ ಚೆಂಡು ನಮ್ಮದೇ ಗೋಲಿನೊಳಕ್ಕೆ ಹೋಯಿತು. ಗೋಲ್‌ಕೀಪರ್ ಬಂದು ಅವನ ಮೂಗಿಗೆ ಗುದ್ದಿದ. ರಕ್ತ ನೋಡಿದ ಮೇಲೆ ಅದು ಆಟವೇ ಅಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆಗ ನನಗೆ ಹದಿನೈದು. ನಾನು ಆಡುವವನಲ್ಲ, ಗೆರೆಯಾಚೆ ನಿಂತು ಕೂಗುವವನು. ಕೂಗುವುದರಲ್ಲಿ ನನಗೆ ಸಾಟಿಯಿರಲಿಲ್ಲ. ನಾನು ಇಲ್ಲಿ ಬಾಯಿ ಬಿಟ್ಟರೆ ತಾಳಗುಂದದ ಗದ್ದೆಯಲ್ಲಿ ಎತ್ತುಗಳು ನೊಗ ಬಿಸಾಡಿ ಓಡುತ್ತಿದ್ದವು.

ನಮಗೂ ಸೊರಬದವರಿಗೂ ನಡೆಯುವ ಪಂದ್ಯಕ್ಕೆ ಬಹುಮಾನದ ಕಪ್ಪು, ಪದಕ ಅಂತ ಏನೂ ಇರಲಿಲ್ಲ. ಚೆಂಡೇ ಪಣ. ಆಡಲು ಹೋಗುವವರು ತಮ್ಮ ಚೆಂಡು ಒಯ್ಯಬೇಕು, ಅದರಲ್ಲೇ ಆಟ. ಸೋತರೆ ಚೆಂಡನ್ನು ಅಲ್ಲೇ ಬಿಟ್ಟು ಬರಬೇಕು. ಗೆದ್ದರೆ ಅವರದೊಂದನ್ನು ತರಬಹುದು. ಸಮವಾದರೆ ಅವರವರದು ಅವರವರಿಗೆ. ನಮ್ಮ ಎರಡು ಚೆಂಡು ಆಗಲೇ ಸೊರಬದಲ್ಲಿ ಸಂಸಾರ ಹೂಡಿದ್ದವು. ಉಳಿದದ್ದು ಒಂದೇ. ಅದೂ ಹೋದರೆ ಕ್ಲಬ್ಬಿಗೆ ಬೀಗ. ಇನ್ನೊಂದು ಚೆಂಡು ತರಿಸಿಕೊಡುವುದಿಲ್ಲ ಎಂದು ಊರ ಹಿರಿಯರು ಕಡ್ಡಿ ಮುರಿದಂತೆ ಹೇಳಿದ್ದರು. "ಮೈದಾನದಾಗೆ ಹುಲ್ಲಾದ್ರೂ ಬೆಳೀಲಿ ಬಿಡ್ರಿ, ನಮ್ಮ ಎಮ್ಮೆಗಾಗ್ತೈತೆ" ಎಂದು ಒಬ್ಬರು ಆಸೆಯಿಂದಲೇ ಅಂದಿದ್ದರು.

ಬರುವ ಭಾನುವಾರ ಸೊರಬದಲ್ಲಿ ಪಂದ್ಯ. ಆ ವಾರವಿಡೀ ಚಿಂತೆಯಿಂದ ನನಗೆ ಊಟ ಸೇರಲಿಲ್ಲ. ಆರೇ ರೊಟ್ಟಿ ತಿಂದು ಏಳುತ್ತಿದ್ದೆ. ಅವ್ವ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು.

ಚಿಂತೆ ಬಾರದೆ ಇನ್ನೇನು? ಜವಳಿ ಅಂಗಡಿಯವರ ಮಗ ನಮ್ಮ ಕ್ಯಾಪ್ಟನ್. ಕಮ್ಮಾರಸಾಲೆಯಲ್ಲಿ ಸುತ್ತಿಗೆ ಹೊಡೆಯುವವನು ಗೋಲ್‌ಕೀಪರ್. ಹಿಂದಿನ ಸಲ ಸೋತಾಗ ಕ್ಯಾಪ್ಟನ್ ಇವನ ಕೆನ್ನೆಗೆ ಬಾರಿಸಿದ್ದ, ಇವನು ಅವನ ಹೆಗಲು ಕಚ್ಚಿದ್ದ. ಹಲ್ಲಿನ ಗುರುತು ಎಷ್ಟು ಸೊಗಸಾಗಿ ಮೂಡಿತ್ತೆಂದರೆ ಯಾವ ಹಲ್ಲು ಹುಳುಕೆಂದು ಹೇಳಬಹುದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಭ್ಯಾಸದಲ್ಲಿ ಕ್ಯಾಪ್ಟನ್ ಗೋಲು ನೋಡಿ ಒದೆಯುವುದನ್ನೇ ಬಿಟ್ಟಿದ್ದ. ಗೋಲ್‌ಕೀಪರನ ಮುಖ ನೋಡಿ ಒದೆಯುತ್ತಿದ್ದ. ಬೈಯುವುದಾದರೂ ಇಬ್ಬರೂ ನನಗೆ ಹೇಳಿದಂತೆ ಹೇಳುತ್ತಿದ್ದರು.

"ಗೋಲು ನೋಡಿ ಒದೀಬೇಕು ಅಂತ ಹೇಳಲೇ ಅವನಿಗೆ! ಮುಖಕ್ಕೆ ಒದೀತಾನಲ್ಲ!"

"ಅವನ ಬಾಯಿ ಗೋಲಿಗಿಂತ ಅಗಲ ಐತೆ, ನಾನೇನ್ ಮಾಡ್ಲಿ ಅಂತ ಹೇಳು."

ನಾನು ಎರಡೂ ಕಡೆ ಸ್ವಲ್ಪ ಉಪ್ಪು ಖಾರ ಸೇರಿಸಿಯೇ ಮುಟ್ಟಿಸುತ್ತಿದ್ದೆ.

ಇದಕ್ಕಿಂತ ದೊಡ್ಡ ಭಯ ಸೊರಬದ ಸೆಂಟರ್ ಫಾರ್ವರ್ಡ್. ಎಲ್ಲರೂ ಬರಿಗಾಲಲ್ಲೇ ಆಡುತ್ತಿದ್ದರೂ ಅವನದು ಮಾತ್ರ ಕಾಲಲ್ಲ, ಒನಕೆ. ಹೋದ ಸಲ ನಮ್ಮ ಒಬ್ಬ ಬ್ಯಾಕ್ ಆಟಗಾರನ ಮೊಳಕಾಲ ಕೆಳಗೆ ಒದ್ದಾಗ ಬಂದ ಶಬ್ದಕ್ಕೆ ಮೈದಾನದ ಪಕ್ಕದ ಮನೆಯವರು ಯಾರೋ ಸೌದೆ ಒಡೆಯುತ್ತಿದ್ದಾರೆ ಅಂದುಕೊಂಡರಂತೆ. ಆ ಬ್ಯಾಕ್ ಇನ್ನೂ ಬಿದಿರು ದಬ್ಬೆ ಕಟ್ಟಿಸಿಕೊಂಡು ಜಗುಲಿಯಲ್ಲೇ ಮಲಗಿದ್ದ. ಆ ಸೆಂಟರ್ ಫಾರ್ವರ್ಡ್‌ನನ್ನು ತಡೆಯುವ ಗಂಡು ನಮ್ಮಲ್ಲಿ ಯಾರು?

ಆಗ ಹೊಳೆಯಿತು. ಊರಿನ ತಲೆಗಳಿಗೆಲ್ಲ ಹೊಳೆಯದ್ದು ನನಗೆ ಹೊಳೆಯಿತು ಎಂಬುದನ್ನು ವಿನಯದಿಂದಲೇ ಹೇಳುತ್ತಿದ್ದೇನೆ. ನೆಟ್ಟಗೆ ಗರಡಿಮನೆಗೆ ಹೋದೆ. ಅಲ್ಲೊಬ್ಬ ಪೈಲ್ವಾನ. ಹಗಲು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ, ಸಂಜೆ ಮನುಷ್ಯರನ್ನು ಎತ್ತಿ ಒಗೆಯುತ್ತಿದ್ದ. ಅವನ ಕತ್ತು ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆಂದು ಅವನ ಹೆಂಡತಿಗೂ ಗೊತ್ತಿರಲಾರದು. ಮಾತು ಮಾತ್ರ ಮೆತ್ತಗೆ.

"ಪೈಲ್ವಾನಣ್ಣ, ಸೊರಬದಾಗೆ ಒಬ್ಬನ್ನ ಹಿಡಿಯೋದೈತೆ."

"ಏನ್ ಕದ್ದಾನಪ್ಪ?"

"ಕದ್ದಿಲ್ಲ. ಚೆಂಡು ತಗೊಂಡು ಓಡ್ತಾನೆ."

"ಅದಕ್ಕೇ ಅಲ್ಲೇನೋ ಕಳ್ಳ ಅನ್ನೋದು?" ಎಂದು ತೊಡೆ ತಟ್ಟಿ ಎದ್ದು ನಿಂತ.

ಶುಕ್ರವಾರ ಸಂಜೆ ಅವನನ್ನು ಅಭ್ಯಾಸಕ್ಕೆ ಕರೆತಂದೆ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂಗೈಗೆ ಮಣ್ಣು ಸವರಿಕೊಂಡ. ನಮ್ಮ ಲೆಫ್ಟ್ ಔಟ್ ಆಟಗಾರ ಚೆಂಡು ಉರುಳಿಸಿಕೊಂಡು ಉತ್ಸಾಹದಿಂದ ಅವನತ್ತ ಓಡಿಬಂದ. ಪೈಲ್ವಾನ ಚೆಂಡಿನ ಕಡೆ ನೋಡಲೇ ಇಲ್ಲ. ಹುಡುಗನನ್ನು ಸೊಂಟಕ್ಕೆ ಕೈಹಾಕಿ ಎತ್ತಿ, ಒಂದು ಸುತ್ತು ತಿರುಗಿಸಿ, ನೆಲಕ್ಕೆ ಅಪ್ಪಳಿಸಿದ. ಎದ್ದ ಧೂಳು ಕೆರೆ ಏರಿಯವರೆಗೂ ಹೋಯಿತು. ಆಮೇಲೆ ಪ್ರೀತಿಯಿಂದ ಕೈಕೊಟ್ಟು ಎಬ್ಬಿಸಿ, ಬೆನ್ನಿನ ಮಣ್ಣು ಕೊಡವಿ, ಅಪ್ಪಿಕೊಂಡು, ಗೆರೆಯಾಚೆ ಕೂರಿಸಿ ಬಂದ.

"ಇವಂದು ಮುಗೀತು. ಮುಂದಿನವ ಬರ್ಲಿ."

ಗರಡಿಯ ನಿಯಮವೇ ಅದು. ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಅವನ ಆಟ ಮುಗಿಯಿತು, ತೆಪ್ಪಗೆ ಮನೆಗೆ ಹೋಗಬೇಕು. ಫುಟ್‌ಬಾಲಿನಲ್ಲಿ ಹಾಗಿಲ್ಲ ಎಂದು ಹೇಳಲು ನಾನು ಮರೆತಿರಲಿಲ್ಲ. ಮುಂದಿನವನು ಹೇಗೆ ಬೀಳುತ್ತಾನೆ ನೋಡೋಣ ಅನಿಸಿತು, ಅಷ್ಟೆ. ಹೊತ್ತು ಮುಳುಗುವಷ್ಟರಲ್ಲಿ ಅರ್ಧ ತಂಡ ಗೆರೆಯಾಚೆ ನರಳುತ್ತ ಕೂತಿತ್ತು. ಒಬ್ಬನ ಮಣಿಕಟ್ಟು ಬೇರೆ ದಿಕ್ಕು ನೋಡುತ್ತಿತ್ತು. ಇನ್ನೊಬ್ಬ ತನ್ನ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು, ಇದು ಮೇಲಿನದೋ ಕೆಳಗಿನದೋ ಎಂದು ಕೇಳುತ್ತಿದ್ದ. ಕ್ಯಾಪ್ಟನ್ ಬೇಲಿ ಹಾರಿ ತಪ್ಪಿಸಿಕೊಂಡಿದ್ದ.

ನಾನು ಓಡಿಹೋಗಿ, "ಅಣ್ಣ, ಇಲ್ಲಿ ಬಿದ್ದವನು ಎದ್ದು ಮತ್ತೆ ಆಡ್ತಾನೆ" ಎಂದೆ.

ಅವನಿಗೆ ಆದ ಬೇಸರ ಹೇಳತೀರದು. "ಬೆನ್ನು ಮಣ್ಣಿಗೆ ತಾಗಿದ ಮೇಲೂ? ಮಾನ ಮರ್ಯಾದೆ ಇಲ್ಲೇನೋ ನಿಮಗೆ?"

ಶನಿವಾರವೆಲ್ಲ ಮೂಳೆ ಕಟ್ಟುವವರ ಮನೆಯಲ್ಲೇ ನಮ್ಮ ಕ್ಲಬ್ಬು. ಸೊರಬದವರು ಮಾಡಬೇಕಾದ ಕೆಲಸವನ್ನು ಎರಡು ದಿನ ಮುಂಚೆ ನಾವೇ ಮಾಡಿ ಮುಗಿಸಿದ್ದೆವು. ಕ್ಯಾಪ್ಟನ್ ಎಣಿಸಿ ನೋಡಿದ, ಪಟ್ಟಿ ಕಟ್ಟಿಸಿಕೊಂಡು ಎದ್ದವರನ್ನೂ ಪೈಲ್ವಾನನನ್ನೂ ಸೇರಿಸಿದರೂ ನಿಲ್ಲಬಲ್ಲವರು ಹತ್ತೇ ಜನ. ಹನ್ನೊಂದನೆಯವನನ್ನು ಹುಡುಕುತ್ತ ಅವನ ಕಣ್ಣು ನನ್ನ ಮೇಲೆ ಬಿತ್ತು.

"ನಾನು ಕೂಗೋನಣ್ಣ!"

"ಒಳಗೆ ನಿಂತು ಕೂಗು."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಚೆಂಡು ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅದನ್ನು ಸವರುತ್ತ ಕೂತಿದ್ದೆ. ಸಂಜೆ ವಾಪಸು ಬರುವಾಗ ತೊಡೆ ಖಾಲಿ ಇದ್ದರೆ ಎಂದು ನೆನೆದು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಸೊರಬದ ಕಡೆಯ ನಾಲ್ಕು ಪಡ್ಡೆ ಹುಡುಗರು ಕಿಟಕಿಗೆ ಬಂದರು.

"ಚೆಂಡು ತಂದ್ರಾ ಮಾರಾಯ್ರೆ? ಇಲ್ಲೇ ಕೊಟ್ಟು ಹೋಗಿ. ಅಲ್ಲೀವರೆಗೆ ಬಂದು ಒದೆ ತಿನ್ನೋದು ಎಂತಕ್ಕೆ?"

ಒಬ್ಬ ಕಿಟಕಿಯೊಳಗೆ ಕೈ ಹಾಕಿ ಚೆಂಡನ್ನೇ ತಟ್ಟಿದ. ನಮ್ಮ ಗೋಲ್‌ಕೀಪರ್ ಜೀವಮಾನದಲ್ಲಿ ಯಾವ ಚೆಂಡಿಗೂ ಹಾಗೆ ಹಾರಿದವನಲ್ಲ. ಕಿಟಕಿಯಿಂದಲೇ ಹೊರಗೆ ಹಾರಿ ಅವನ ಮೇಲೆ ಬಿದ್ದ. ಬಾಗಿಲಿನಿಂದ ಕ್ಯಾಪ್ಟನ್ ಇಳಿದ.

"ನಾನು ಹಿಡ್ಕೊಂತೀನಿ, ನೀನು ಹೊಡಿ!" ಎಂದ ಗೋಲ್‌ಕೀಪರ್. ತಿಂಗಳಿನಿಂದ ಮಾತಿಲ್ಲದವರ ಮೊದಲ ಮಾತು.

ಕ್ಯಾಪ್ಟನ್ ಹೊಡೆದ. ಚೆನ್ನಾಗಿಯೇ ಹೊಡೆದ. ಪಕ್ಕದ ಅಂಗಡಿಯ ಈರುಳ್ಳಿ ರಾಶಿಯ ಮೇಲೆ ಒಬ್ಬ ಬಿದ್ದ, ಎಣ್ಣೆ ಡಬ್ಬದ ಮೇಲೆ ಇನ್ನೊಬ್ಬ. ಉಳಿದಿಬ್ಬರು ನಮ್ಮ ಕ್ಯಾಪ್ಟನ್ನನ ಹುಬ್ಬು ಸೀಳಿ ಓಡಿದರು. ಮತ್ತೆ ಬಸ್ಸು ಹತ್ತುವಾಗ ಗೋಲ್‌ಕೀಪರ್ ತನ್ನ ಅಂಗಿಯ ತುದಿ ಹರಿದು ಅವನ ಹಣೆಗೆ ಕಟ್ಟುತ್ತಿದ್ದ. ಅದನ್ನು ನೋಡಿ, ಗೆಲ್ಲದಿದ್ದರೂ ಸಮ ಮಾಡಿಕೊಂಡೇವು ಎಂಬ ಆಸೆ ನನಗೆ ಮೊದಲ ಸಲ ಬಂತು.

ಸೊರಬದ ಮೈದಾನದಲ್ಲಿ ಉಳವಿ ಕಡೆಯ ಡ್ರಿಲ್ ಮಾಸ್ತರರೊಬ್ಬರು ರೆಫರಿಯಾಗಿ ಸೀಟಿ ಊದಿದರು. ಪೈಲ್ವಾನನಿಂದ ನಾನು ಆಣೆ ಹಾಕಿಸಿಕೊಂಡಿದ್ದೆ, ಯಾರನ್ನೂ ಮುಟ್ಟಬಾರದು, ಸುಮ್ಮನೆ ಅಡ್ಡ ನಿಲ್ಲಬೇಕು. ಅವನು ಕೈ ಹಿಂದೆ ಕಟ್ಟಿ ನಿಂತ. ಸೆಂಟರ್ ಫಾರ್ವರ್ಡ್ ಬಂದು ಬಂದು ಅವನಿಗೆ ಡಿಕ್ಕಿ ಹೊಡೆದು ತಾನೇ ಹಿಂದಕ್ಕೆ ಸಿಡಿಯುತ್ತಿದ್ದ. ನನ್ನ ಕಣಕಾಲಿಗೆ ಬಿದ್ದ ಒದೆಗಳನ್ನು ಇಲ್ಲಿ ಬರೆಯಲು ಹೋದರೆ ಹಾಳೆ ಸಾಲದು. ಆದರೂ ಕೂಗುವುದನ್ನು ಬಿಡಲಿಲ್ಲ. ಒಮ್ಮೆಯಂತೂ ನಾನು ಕಿವಿಯ ಹತ್ತಿರ ಕೂಗಿದ್ದಕ್ಕೆ ಅವರ ಬ್ಯಾಕ್ ಚೆಂಡು ಬಿಟ್ಟು ಕಿವಿ ಹಿಡಿದುಕೊಂಡ. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ.

ಅಷ್ಟರಲ್ಲಿ ಸೆಂಟರ್ ಫಾರ್ವರ್ಡ್ ನಮ್ಮ ಕ್ಯಾಪ್ಟನ್ನನ ಕಾಲಿಗೆ ತನ್ನ ಒನಕೆ ಬೀಸಿದ. ಕ್ಯಾಪ್ಟನ್ ಕಿರುಚಿ ಬಿದ್ದ. ಪೈಲ್ವಾನನ ಕಟ್ಟಿದ ಕೈ ಬಿಚ್ಚಿತು. ಸೆಂಟರ್ ಆಕಾಶಕ್ಕೆ ಹೋದ, ಸ್ವಲ್ಪ ಹೊತ್ತು ಅಲ್ಲೇ ಇದ್ದು, ಬೆನ್ನು ಕೆಳಗಾಗಿ ಬಂದ. ಅದು ನಮ್ಮ ಗೋಲಿನ ಎದುರಲ್ಲೇ ಆದದ್ದು. ಒನಕೆ ಕಾಣದಿದ್ದ ಮಾಸ್ತರರ ಕಣ್ಣಿಗೆ ಇದು ಕಂಡಿತು, ಸೊರಬದವರಿಗೆ ಪೆನಾಲ್ಟಿ ಕೊಟ್ಟರು.

ಹೋಯಿತು ಚೆಂಡು. ಸೆಂಟರ್ ಕುಂಟುತ್ತ ಒದೆಯಲು ಬಂದ.

"ಚಿತ್ ಆದವ ಒದೀತಾನಂತಾ?" ಪೈಲ್ವಾನ ಗರ್ಜಿಸಿದ. "ಸಾಧ್ಯ ಇಲ್ಲ!" ಎಂದವನೇ ಹೋಗಿ ಚೆಂಡಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಐದು ಜನ ಎಳೆದರು, ಎಂಟು ಜನ ಎಳೆದರು. ಅವನು ಕೂತಲ್ಲಿಂದಲೇ ಒಬ್ಬೊಬ್ಬರನ್ನೂ ಪಕ್ಕಕ್ಕೆ ಮಲಗಿಸುತ್ತಿದ್ದ. ನೋಡಲು ಬಂದಿದ್ದ ಜನ ಒಳಗೆ ನುಗ್ಗಿತು. ಕಲ್ಲು ಬಂತು. ನಮ್ಮ ಗೋಲ್‌ಕೀಪರ್ ಮುಷ್ಟಿಯನ್ನು ಸುತ್ತಿಗೆಯಂತೆ ಬೀಸಿದ. ನನ್ನ ಬೆನ್ನಿಗೂ ಏಟು ಬಿತ್ತು, ನಾನೂ ಯಾರದೋ ಹೊಟ್ಟೆಗೆ ತಲೆಯಿಂದ ಗುದ್ದಿದೆ. ಕೈಗೆ ಬಡಿಗೆ ಸಾಲದೆ ಸೊರಬದವರು ಗೋಲಿನ ಬಿದಿರು ಕಂಬಗಳನ್ನೇ ಕಿತ್ತುಕೊಂಡು ನಮ್ಮ ಮೇಲೆ ಬಂದರು.

ಮಾಸ್ತರರು ಮರದ ಹಿಂದಿನಿಂದ ಒಮ್ಮೆ ಇಣುಕಿ ನೋಡಿದರು.

"ಕಂಬ ಇಲ್ದೆ ಪೆನಾಲ್ಟಿ ಎಲ್ಲಿಗೆ ಹೊಡೀತೀರ್ರಿ? ಆಟ ಮುಗೀತು!" ಎಂದು ಸೀಟಿ ಊದಿ, ಸೈಕಲ್ ಹತ್ತಿ ಹೋಗಿಯೇಬಿಟ್ಟರು.

ನಾವು ಓಡಿದೆವು. ಕ್ಯಾಪ್ಟನ್ ಗೋಲ್‌ಕೀಪರನ ಬೆನ್ನ ಮೇಲೆ, ಚೆಂಡು ಪೈಲ್ವಾನನ ಕಂಕುಳಲ್ಲಿ, ಕೂಗು ನನ್ನ ಬಾಯಲ್ಲಿ. ಹೊರಟಿದ್ದ ಬಸ್ಸಿಗೆ ಜೋತುಬಿದ್ದು ಪಾರಾದೆವು.

ಇದಾಗಿ ಒಂದು ವರ್ಷ. ಗೋಲೇ ಆಗಲಿಲ್ಲವಾದ್ದರಿಂದ ಆಟ ಸಮ, ಚೆಂಡು ನಮ್ಮದು ಎನ್ನುತ್ತೇವೆ ನಾವು. ಪೆನಾಲ್ಟಿ ಕೊಟ್ಟಾಗಿತ್ತು, ಗೆದ್ದವರು ತಾವು ಎನ್ನುತ್ತಾರೆ ಅವರು. ವಾರಕ್ಕೊಮ್ಮೆ ಸೊರಬದ ಬಸ್ಸಿನ ಕಂಡಕ್ಟರ್ ನಮ್ಮ ಮೈದಾನದ ಪಕ್ಕ ಬಸ್ಸು ನಿಧಾನ ಮಾಡಿಸಿ ಕೇಳುತ್ತಾನೆ, "ಚೆಂಡು ಯಾವಾಗ ಕಳಿಸ್ತೀರಂತೆ?"

ಕ್ಯಾಪ್ಟನ್ ಕಾಲಿನ ದಬ್ಬೆ ಬಿಚ್ಚಿಸಿಕೊಂಡು ಮತ್ತೆ ಆಡುತ್ತಿದ್ದಾನೆ. ಅವನು ಹೇಳಿದ್ದನ್ನು ನಾನೇ ಕೂಗಿ ತಿಳಿಸುತ್ತೇನೆ: "ಆಡ್ತಾ ಇದೀವಿ, ಬಿಡುವಿಲ್ಲ. ಬೇಕಾದ್ರೆ ಅವರೇ ಬಂದು ತಗೊಂಡು ಹೋಗ್ಲಿ ಅನ್ರಿ!"